ಇಂಟ್ ಎಂದರೆ ಎಷ್ಟು ಬಿಟ್? ಪ್ರೊಸೆಸರ್ ಬದಲಾದಾಗ ಬದಲಾಗುವ ಪೂರ್ಣಾಂಕದ ಅಳತೆ

(ಕೊಪ್ಪಳದಲ್ಲಿ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಇಲ್ಲಿಂದ ಮುನಿರಾಬಾದ್ ದೂರವೇನಲ್ಲ. ಮಳೆಗಾಲ ಬಂತೆಂದರೆ ತುಂಗಭದ್ರಾ ಜಲಾಶಯದ ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದನ್ನು ನಿಮ್ಮೆಲ್ಲರ ಮನೆಗಳಲ್ಲೂ ಬೆಳಿಗ್ಗೆ ಪತ್ರಿಕೆ ಬಿಡಿಸಿ ನೋಡುತ್ತಾರೆ. ಆ ಅಂಕಿಗಳಿಂದಲೇ ವಿಷಯಕ್ಕೆ ಬರುತ್ತೇನೆ. ಒಂದು ದಿನ ಪೂರ್ತಿ ಒಳಹರಿವು ಒಂದು ಲಕ್ಷ ಕ್ಯೂಸೆಕ್ ಇತ್ತೆಂದು ಇಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ ನೀರು. ದಿನಕ್ಕೆ 86,400 ಸೆಕೆಂಡು. ಎರಡನ್ನೂ ಗುಣಿಸಿದರೆ 864 ಕೋಟಿ ಘನ ಅಡಿ, ಟಿಎಂಸಿ (ನೂರು ಕೋಟಿ ಘನ ಅಡಿ) ಲೆಕ್ಕದಲ್ಲಿ 8.64. ಈ ಎರಡು ಸಂಖ್ಯೆಗಳನ್ನು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪೂರ್ಣಾಂಕ ಇಡಲು ಬಳಸುವ ಇಂಟ್ ಎಂಬ ಬಗೆಯ ಎರಡು ವೇರಿಯಬಲ್‌ಗಳಲ್ಲಿಟ್ಟು ನಿಮ್ಮ ಲ್ಯಾಪ್‌ಟಾಪಿನಲ್ಲಿ ಗುಣಿಸಿದರೆ ಸಾಮಾನ್ಯವಾಗಿ ಬರುವ ಉತ್ತರ 5,00,65,408. ಅದು 0.05 ಟಿಎಂಸಿ. ಪ್ರೋಗ್ರಾಂ ನಿಲ್ಲುವುದಿಲ್ಲ, ದೋಷದ ಸಂದೇಶ ಬರುವುದಿಲ್ಲ, ಉತ್ತರದ ಮುಂದೆ ಋಣ ಚಿಹ್ನೆಯೂ ಇರುವುದಿಲ್ಲ. ನದಿಯ ಒಂದು ದಿನದ ನೀರಿನಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚು ಲೆಕ್ಕದಿಂದ ಕಾಣೆಯಾಗಿದೆ, ಅಷ್ಟೆ.

ಕಾರಣ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಆ ಯಂತ್ರದಲ್ಲಿ ಇಂಟ್‌ಗೆ 32 ಬಿಟ್, ಅಂದರೆ ಸೊನ್ನೆ ಅಥವಾ ಒಂದನ್ನು ಹಿಡಿಯುವ 32 ಮನೆ. ಚಿಹ್ನೆಸಹಿತ (ಧನ, ಋಣ ಎರಡನ್ನೂ ಬರೆಯಬಲ್ಲ) 32 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647, ಸುಮಾರು 214 ಕೋಟಿ. ಆದರೆ ನೀವು ಗಮನಿಸಬೇಕಾದ್ದು ಈ ತಪ್ಪು ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದನ್ನು. ಒಳಹರಿವು 24,855 ಕ್ಯೂಸೆಕ್ ಇರುವವರೆಗೆ ಇದೇ ಪ್ರೋಗ್ರಾಂ ಸರಿಯಾದ ಉತ್ತರವನ್ನೇ ಕೊಡುತ್ತದೆ. ಒಂದು ಕ್ಯೂಸೆಕ್ ಹೆಚ್ಚಾದರೆ ಉತ್ತರ ಋಣಾತ್ಮಕವಾಗುತ್ತದೆ. 49,711 ಕ್ಯೂಸೆಕ್ ತಲುಪಿದಾಗ ಮತ್ತೆ ಧನಾತ್ಮಕವಾಗುತ್ತದೆ, ಆದರೆ ತಪ್ಪು ಉತ್ತರ. ಬೇಸಿಗೆಯಲ್ಲಿ ಒಳಹರಿವು ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ ಕ್ಯೂಸೆಕ್ ಇರುವಾಗ ಕುಳಿತು ಬರೆದು, ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ಸಹಿ ಹಾಕಿಸಿಕೊಂಡ ಪ್ರೋಗ್ರಾಂ, ಮಲೆನಾಡಿನಲ್ಲಿ ಮಳೆ ಹಿಡಿದು ಲೆಕ್ಕ ನಿಜವಾಗಿ ಬೇಕಾಗುವ ಜುಲೈ, ಆಗಸ್ಟ್‌ನಲ್ಲಿ ಕೈಕೊಡುತ್ತದೆ. ಪೂರ್ಣಾಂಕದ ಅಳತೆಯ ದೋಷಗಳ ಸ್ವಭಾವವೇ ಇದು. ಸಂಖ್ಯೆ ಚಿಕ್ಕದಿರುವಷ್ಟು ಕಾಲ ಅವು ಮಲಗಿರುತ್ತವೆ.

ಇದಕ್ಕೆ ಹೆಚ್ಚಿನವರು ತಕ್ಷಣ ಹೇಳುವ ಪರಿಹಾರ, ಉತ್ತರವನ್ನು 64 ಬಿಟ್‌ನ ವೇರಿಯಬಲ್‌ನಲ್ಲಿ ಇಟ್ಟರಾಯಿತು ಎಂಬುದು. ಅದು ಸಾಲದು. ಸಿ ಭಾಷೆಯಲ್ಲಿ ಗುಣಾಕಾರ ಎಷ್ಟು ಬಿಟ್‌ನಲ್ಲಿ ನಡೆಯಬೇಕೆಂದು ತೀರ್ಮಾನವಾಗುವುದು ಗುಣಿಸುವ ಎರಡು ಸಂಖ್ಯೆಗಳ ಟೈಪ್‌ಗಳಿಂದ, ಅಂದರೆ ಇಂಟ್‌ನಂಥ ಬಗೆಗಳಿಂದ. ಸಮಚಿಹ್ನೆಯ ಎಡಗಡೆ ಏನಿದೆ ಎಂಬುದನ್ನು ಆ ಹಂತದಲ್ಲಿ ಕಂಪೈಲರ್ (ಪ್ರೋಗ್ರಾಂ ಅನ್ನು ಯಂತ್ರದ ಸೂಚನೆಗಳಾಗಿಸುವ ತಂತ್ರಾಂಶ) ಕೇಳುವುದೇ ಇಲ್ಲ. ಎರಡೂ ಇಂಟ್ ಆಗಿದ್ದರೆ ಗುಣಾಕಾರ ಇಂಟ್‌ನಲ್ಲೇ ಮುಗಿದು, ಕೆಟ್ಟುಹೋದ ಉತ್ತರವನ್ನು ದೊಡ್ಡ ಜಾಗದಲ್ಲಿ ಜೋಪಾನವಾಗಿ ಇಟ್ಟಂತಾಗುತ್ತದೆ. ಗುಣಿಸುವ ಮೊದಲೇ ಎರಡರಲ್ಲಿ ಒಂದನ್ನಾದರೂ 64 ಬಿಟ್‌ಗೆ ಏರಿಸಬೇಕು. ಜಾಗದ ಅಳತೆಗಿಂತ ಲೆಕ್ಕ ನಡೆಯುವ ಅಳತೆ ಮುಖ್ಯ ಎಂಬುದನ್ನು ನೀವು ಇವತ್ತು ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಪರೀಕ್ಷೆಗೆ ಓದುವಾಗ ಟೈಪ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತೇವೆ. ಮಧ್ಯಂತರ ಉತ್ತರ ಎಷ್ಟು ದೊಡ್ಡದಾಗಬಹುದು ಎಂಬುದನ್ನು ಯಾರೂ ಕೇಳುವುದಿಲ್ಲ.

ಇನ್ನು, ಇಂಟ್‌ಗೆ 32 ಬಿಟ್ ಎಂದು ಯಾರು ನಿರ್ಧರಿಸಿದರು? ಭಾಷೆಯಂತೂ ಅಲ್ಲ. ಡೆನ್ನಿಸ್ ರಿಚಿ ಅವರು 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆಯನ್ನು ರೂಪಿಸಿದಾಗ ಅವರ ಮುಂದಿದ್ದ ಪಿಡಿಪಿ-11 ಯಂತ್ರದಲ್ಲಿ ಇಂಟ್ 16 ಬಿಟ್ ಇತ್ತು. ಅದೇ ದಶಕದಲ್ಲಿ ಭಾಷೆ ಬೇರೆ ಯಂತ್ರಗಳಿಗೆ ಹೋಯಿತು: ಐಬಿಎಂ 370ರಲ್ಲಿ ಇಂಟ್ 32 ಬಿಟ್ ಆಯಿತು, ಹನಿವೆಲ್ 6000ದಲ್ಲಿ ಒಂದು ಅಕ್ಷರ ಇಡುವ ಚಾರ್ ಎಂಬ ಟೈಪ್ 9 ಬಿಟ್, ಇಂಟ್ 36 ಬಿಟ್. ಇಷ್ಟೊಂದು ಭಿನ್ನವಾದ ಯಂತ್ರಗಳಲ್ಲಿ ಒಂದೇ ಭಾಷೆ ವೇಗವಾಗಿ ಓಡಬೇಕಾದರೆ, ಆಯಾ ಪ್ರೊಸೆಸರ್‌ಗೆ ಯಾವ ಅಳತೆ ಸಲೀಸೋ ಅದನ್ನು ಇಂಟ್‌ಗೆ ಕೊಡುವುದು ಅಂದಿನ ಮಟ್ಟಿಗೆ ಒಳ್ಳೆಯ ನಿರ್ಧಾರವೇ ಆಗಿತ್ತು. ಮುಂದೆ ಬಂದ ಮಾನಕವೂ ಕನಿಷ್ಠ ಅಳತೆಯನ್ನು ಮಾತ್ರ ಹೇಳಿತು. ಚಾರ್‌ಗೆ ಕನಿಷ್ಠ 8, ಶಾರ್ಟ್‌ಗೂ ಇಂಟ್‌ಗೂ ಕನಿಷ್ಠ 16, ಲಾಂಗ್‌ಗೆ ಕನಿಷ್ಠ 32, 1999ರಲ್ಲಿ ಸೇರಿದ ಲಾಂಗ್ ಲಾಂಗ್‌ಗೆ ಕನಿಷ್ಠ 64. ಭಾಷೆ ಕೊಡುವ ಖಾತರಿ ಇಷ್ಟೆ.

ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆಯಿಂದ ಬಂದವರಿಗೆ ಇದು ಬೇಗ ಮನಸ್ಸಿಗೆ ಬರುತ್ತದೆ. ನೂರು ಚೀಲ ಎಂದು ಯಾರಾದರೂ ಹೇಳಿದರೆ ನೀವು ಯಾವುದರ ಚೀಲ ಎಂದು ಕೇಳುತ್ತೀರಿ, ಏಕೆಂದರೆ ಭತ್ತದ ಚೀಲಕ್ಕೆ 75 ಕೆ.ಜಿ. ಲೆಕ್ಕ, ಅಂಗಡಿಯ ಅಕ್ಕಿ ಚೀಲಕ್ಕೆ 25 ಕೆ.ಜಿ. ಇಂಟ್ ಎಂಬುದು ಚೀಲ ಎಂದಷ್ಟೇ ಹೇಳಿದಂತೆ. ತೂಕ ಎಷ್ಟೆಂಬುದು ಯಾವ ಪ್ರೊಸೆಸರ್, ಯಾವ ಕಂಪೈಲರ್, ಯಾವ ಆಪರೇಟಿಂಗ್ ಸಿಸ್ಟಂ ಎಂಬುದರ ಮೇಲೆ ನಿಂತಿದೆ.

ಆಪರೇಟಿಂಗ್ ಸಿಸ್ಟಂ ಎಂಬ ಮಾತನ್ನು ಬೇಕೆಂದೇ ಸೇರಿಸಿದೆ. ಪ್ರೊಸೆಸರ್ ಒಂದೇ ಆಗಿದ್ದರೂ ಅಳತೆ ಬದಲಾಗಬಹುದು. ಒಂದೇ 64 ಬಿಟ್ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕಿದರೆ ಲಾಂಗ್ 64 ಬಿಟ್, ವಿಂಡೋಸ್ ಹಾಕಿದರೆ ಲಾಂಗ್ 32 ಬಿಟ್. ಮೊದಲ ಏರ್ಪಾಡಿಗೆ ಎಲ್‌ಪಿ64 ಎಂದೂ ಎರಡನೆಯದಕ್ಕೆ ಎಲ್‌ಎಲ್‌ಪಿ64 ಎಂದೂ ಹೆಸರು. 32 ಬಿಟ್ ಯಂತ್ರಗಳ ಕಾಲದಲ್ಲಿ ಇಂಟ್, ಲಾಂಗ್, ಮೆಮೊರಿಯ ವಿಳಾಸ ಹಿಡಿಯುವ ಪಾಯಿಂಟರ್ ಮೂರೂ ಒಂದೇ ಅಳತೆಯಲ್ಲಿದ್ದವು. 64 ಬಿಟ್‌ಗೆ ಬಂದಾಗ ಯುನಿಕ್ಸ್ ಮನೆತನ ಲಾಂಗ್ ಮತ್ತು ಪಾಯಿಂಟರ್ ಎರಡನ್ನೂ ಹಿಗ್ಗಿಸಿತು. ವಿಂಡೋಸ್ ತನ್ನ ಹಳೆಯ ಪ್ರೋಗ್ರಾಂಗಳು, ಹಳೆಯ ಕಡತಗಳ ವಿನ್ಯಾಸ ಕೆಡಬಾರದೆಂದು ಲಾಂಗ್ ಅನ್ನು ಇದ್ದಲ್ಲೇ ಇಟ್ಟು ಪಾಯಿಂಟರ್ ಅನ್ನು ಮಾತ್ರ ಹಿಗ್ಗಿಸಿತು. ಹೀಗಾಗಿ ನಮ್ಮ ಜಲಾಶಯದ ಲೆಕ್ಕವನ್ನು ಲಾಂಗ್‌ನಲ್ಲಿ ಬರೆದರೆ ಲಿನಕ್ಸ್‌ನಲ್ಲಿ ಸರಿ, ವಿಂಡೋಸ್‌ನಲ್ಲಿ ತಪ್ಪು. ಜಲಾಶಯದ ಪೂರ್ಣ ಸಾಮರ್ಥ್ಯ ಈಗಿನ ಲೆಕ್ಕದಲ್ಲಿ 105.788 ಟಿಎಂಸಿ. ಅದನ್ನು ಘನ ಅಡಿಯಲ್ಲಿ ಬರೆಯಲು 37 ಬಿಟ್ ಬೇಕು. ಯಾವ ಯಂತ್ರದಲ್ಲಿ ಕುಳಿತು ಬರೆದರೂ ಆ 37 ಬದಲಾಗುವುದಿಲ್ಲ. ಅಳತೆಯನ್ನು ನಿರ್ಧರಿಸಬೇಕಾದದ್ದು ನೀರು, ಪ್ರೊಸೆಸರ್ ಅಲ್ಲ. ಇವತ್ತು ನಾನು ಹೇಳಲು ಬಂದದ್ದು ಇದನ್ನೇ.

ಈಗ ಚಿಕ್ಕ ಯಂತ್ರಗಳತ್ತ ಬರೋಣ. ನಿಮ್ಮಲ್ಲಿ ಅನೇಕರ ಪ್ರಾಜೆಕ್ಟ್‌ಗಳಲ್ಲಿ ಆರ್ಡುಯಿನೊ ಉನೊ ಆರ್3 ಬೋರ್ಡ್ ಇದೆ. ಅದರಲ್ಲಿರುವುದು 8 ಬಿಟ್‌ನ ಎವಿಆರ್ ಪ್ರೊಸೆಸರ್, ಅಲ್ಲಿ ಇಂಟ್ 16 ಬಿಟ್, ಗರಿಷ್ಠ 32,767. ಕುಷ್ಟಗಿ ಕಡೆಯ ಒಂದು ದಾಳಿಂಬೆ ತೋಟದಲ್ಲಿ ಹನಿ ನೀರಾವರಿಯ ವಾಲ್ವ್ ನಿಯಂತ್ರಿಸುವ ಪ್ರೋಗ್ರಾಂ ಬರೆಯುತ್ತಿದ್ದೀರಿ ಎಂದುಕೊಳ್ಳಿ. ನಿಮಿಷಕ್ಕೊಮ್ಮೆ ಮಣ್ಣಿನ ತೇವ ನೋಡಬೇಕು. ಸಮಯ ಮಿಲಿಸೆಕೆಂಡಿನಲ್ಲಿ, ಆದ್ದರಿಂದ ಅಂತರ ಎಂಬ ಅನ್‌ಸೈನ್ಡ್ ಲಾಂಗ್ (ಋಣ ಸಂಖ್ಯೆ ಹಿಡಿಯದ, ಚಿಹ್ನೆರಹಿತ) ವೇರಿಯಬಲ್‌ಗೆ 60 ಗುಣಿಸು 1000 ಎಂದು ಬರೆಯುತ್ತೀರಿ. ವೇರಿಯಬಲ್ 32 ಬಿಟ್‌ನದು, ಅರವತ್ತು ಸಾವಿರ ಅದರಲ್ಲಿ ಧಾರಾಳವಾಗಿ ಹಿಡಿಯುತ್ತದೆ, ಓದಿದವರಿಗೆ ತಪ್ಪು ಕಾಣಿಸುವುದಿಲ್ಲ. ಆದರೆ 60 ಒಂದು ಇಂಟ್, 1000 ಒಂದು ಇಂಟ್, ಗುಣಾಕಾರ 16 ಬಿಟ್‌ನಲ್ಲಿ. ಅರವತ್ತು ಸಾವಿರ ಅಲ್ಲಿ ಹಿಡಿಯದೆ ಸಾಮಾನ್ಯವಾಗಿ -5,536 ಆಗುತ್ತದೆ. ಆ ಋಣ ಸಂಖ್ಯೆಯನ್ನು ಚಿಹ್ನೆರಹಿತ 32 ಬಿಟ್‌ಗೆ ಹಾಕಿದಾಗ 4,29,49,61,760 ಆಗುತ್ತದೆ. ಮಿಲಿಸೆಕೆಂಡಿನ ಲೆಕ್ಕದಲ್ಲಿ ಅದು ಸುಮಾರು 49.7 ದಿನ. ನಿಮಿಷಕ್ಕೊಮ್ಮೆ ನೋಡಬೇಕಾದ ತೇವವನ್ನು ಆ ಬೋರ್ಡ್ ಐವತ್ತು ದಿನದ ಹತ್ತಿರ ನೋಡುವುದೇ ಇಲ್ಲ. ಇದೇ ಸಾಲನ್ನು 32 ಬಿಟ್‌ನ ಇಎಸ್‌ಪಿ32 ಬೋರ್ಡಿನಲ್ಲಿ ಓಡಿಸಿ, ಅರವತ್ತು ಸಾವಿರವೇ ಬರುತ್ತದೆ. ಪರಿಹಾರ ಚಿಕ್ಕದು: 60ರ ಪಕ್ಕದಲ್ಲಿ ಯು ಮತ್ತು ಎಲ್ ಅಕ್ಷರಗಳನ್ನು ಸೇರಿಸಿ ಅದನ್ನು ಅನ್‌ಸೈನ್ಡ್ ಲಾಂಗ್ ಮಾಡಬೇಕು. ಆಗ ಎರಡೂ ಬೋರ್ಡ್‌ಗಳಲ್ಲಿ ಒಂದೇ ಉತ್ತರ.

ಅದೇ ಬೋರ್ಡಿನ ಮಿಲ್ಲಿಸ್ ಎಂಬ ಗಡಿಯಾರದ ಎಣಿಕೆಯೂ 32 ಬಿಟ್‌ನದೇ, ಅದೂ 49.7 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಇದಕ್ಕೆ ಹೆದರಬೇಕಿಲ್ಲ. ಚಿಹ್ನೆರಹಿತ ಪೂರ್ಣಾಂಕ ತುಂಬಿ ಹರಿದರೆ ಸೊನ್ನೆಯಿಂದ ಮತ್ತೆ ಎಣಿಸುತ್ತದೆ ಎಂಬುದು ಭಾಷೆಯ ನಿಯಮವೇ ಆದ್ದರಿಂದ, ಈಗಿನ ಎಣಿಕೆಯಿಂದ ಹಿಂದಿನ ಎಣಿಕೆಯನ್ನು ಕಳೆದು ಆ ವ್ಯತ್ಯಾಸವನ್ನು ಅಂತರದೊಂದಿಗೆ ಹೋಲಿಸಿದರೆ, ನಡುವೆ ಸೊನ್ನೆ ದಾಟಿದ್ದರೂ ಉತ್ತರ ಸರಿಯಾಗಿರುತ್ತದೆ. ಹಿಂದಿನ ಎಣಿಕೆಗೆ ಅಂತರವನ್ನು ಕೂಡಿಸಿ ಹೋಲಿಸಿದರೆ ಮಾತ್ರ ತಪ್ಪುತ್ತದೆ. ಚಿಹ್ನೆಸಹಿತ ಪೂರ್ಣಾಂಕಕ್ಕೆ ಈ ಭರವಸೆ ಇಲ್ಲ. ಅದು ತುಂಬಿ ಹರಿದಾಗ ಏನಾಗಬೇಕೆಂಬುದನ್ನು ಸಿ ಭಾಷೆ ನಿರೂಪಿಸಿಯೇ ಇಲ್ಲ. ಹಾಗಾಗುವುದೇ ಇಲ್ಲ ಎಂದು ನಂಬಿ ಕಂಪೈಲರ್ ನಿಮ್ಮ ತಪಾಸಣೆಯ ಸಾಲನ್ನೇ ತೆಗೆದುಹಾಕಬಹುದು. ಮೊದಲಿನಿಂದಲೂ ನಾನು ಸಾಮಾನ್ಯವಾಗಿ ಬರುವ ಉತ್ತರ ಎಂದು ಹೇಳುತ್ತಾ ಬಂದದ್ದು ಇದಕ್ಕಾಗಿ.

ಹೋಲಿಕೆಯಲ್ಲೂ ಒಂದು ಸೂಕ್ಷ್ಮವಿದೆ. ಲಾಂಗ್ ಆಗಿರುವ -1 ಚಿಕ್ಕದೋ, ಅನ್‌ಸೈನ್ಡ್ ಇಂಟ್ ಆಗಿರುವ 1 ಚಿಕ್ಕದೋ ಎಂದು ಕೇಳಿದರೆ 64 ಬಿಟ್ ಲಿನಕ್ಸ್ -1 ಚಿಕ್ಕದು ಎನ್ನುತ್ತದೆ, ವಿಂಡೋಸ್ 1 ಚಿಕ್ಕದು ಎನ್ನುತ್ತದೆ. ಲಿನಕ್ಸ್‌ನ ಲಾಂಗ್ ದೊಡ್ಡದಾದ್ದರಿಂದ ಎರಡೂ ಸಂಖ್ಯೆಗಳು ಅದರಲ್ಲಿ ಹಿಡಿಯುತ್ತವೆ. ವಿಂಡೋಸ್‌ನಲ್ಲಿ ಎರಡರ ಅಳತೆಯೂ ಒಂದೇ ಆದ್ದರಿಂದ ಎರಡೂ ಚಿಹ್ನೆರಹಿತವಾಗಿ ಬದಲಾಗಿ -1 ಎಂಬುದು 429 ಕೋಟಿಗೆ ಏರುತ್ತದೆ. ಚಾರ್ ಕೂಡ ಹೀಗೆಯೇ. ಇಂಟೆಲ್ ಪಿಸಿಯ ಲಿನಕ್ಸ್‌ನಲ್ಲಿ ಅದು ಚಿಹ್ನೆಸಹಿತ, ರಾಸ್ಪ್‌ಬೆರಿ ಪೈ ಬೋರ್ಡಿನ ಎಆರ್‌ಎಂ ಲಿನಕ್ಸ್‌ನಲ್ಲಿ ಚಿಹ್ನೆರಹಿತ. ಕಡತವನ್ನು ಅಕ್ಷರ ಅಕ್ಷರವಾಗಿ ಓದಿ ಚಾರ್‌ನಲ್ಲಿಟ್ಟುಕೊಂಡು, ಕಡತ ಮುಗಿದ ಗುರುತಾದ -1 ಬಂತೇ ಎಂದು ನೋಡುವ ಲೂಪ್ ಎಆರ್‌ಎಂನಲ್ಲಿ ಎಂದಿಗೂ ಮುಗಿಯುವುದಿಲ್ಲ. ಓದಿದ್ದನ್ನು ಇಂಟ್‌ನಲ್ಲೇ ಇಟ್ಟುಕೊಳ್ಳಬೇಕು.

ಹಾಗಾದರೆ ಏನು ಬರೆಯಬೇಕು? 1999ರ ಮಾನಕ ನಮಗೆ ಎಸ್‌ಟಿಡಿಇಂಟ್ ಎಂಬ ಹೆಡರ್ ಕಡತವನ್ನು ಕೊಟ್ಟಿದೆ. ಇಂಟ್16_ಟಿ, ಇಂಟ್32_ಟಿ, ಇಂಟ್64_ಟಿ ಮತ್ತು ಅವುಗಳ ಚಿಹ್ನೆರಹಿತ ಜೋಡಿಗಳು. ಹೆಸರಿನಲ್ಲೇ ಅಳತೆ ಇದೆ. ನೀರು, ಹಣ, ವಿದ್ಯುತ್, ಸಮಯ, ಮೀಟರ್ ರೀಡಿಂಗ್, ಹೀಗೆ ಹೊರಗಿನ ಜಗತ್ತಿನ ಯಾವುದೇ ಪ್ರಮಾಣಕ್ಕೆ ನಾನು ಇವುಗಳನ್ನೇ ಬಳಸುತ್ತೇನೆ, ನೀವೂ ಬಳಸಬೇಕು ಎನ್ನುತ್ತೇನೆ. ಅರೇಯ ಅಳತೆಗೆ, ಮೆಮೊರಿಯ ಬೈಟ್‌ಗಳ ಎಣಿಕೆಗೆ ಸೈಜ್_ಟಿ ಇದೆ. ಅದು ಯಂತ್ರದೊಂದಿಗೆ ಬದಲಾಗುತ್ತದೆ, ಬದಲಾಗಲೂ ಬೇಕು, ಏಕೆಂದರೆ ಮೆಮೊರಿ ಯಂತ್ರದ್ದೇ. ಪಾಯಿಂಟರ್ ಅನ್ನು ಸಂಖ್ಯೆಯಾಗಿ ಇಡಲೇಬೇಕಾದ ಅಪರೂಪದ ಸಂದರ್ಭಕ್ಕೆ ಯುಇಂಟ್‌ಪಿಟಿಆರ್_ಟಿ ಇದೆ. ಇಂಟ್‌ನಲ್ಲಿ ಇಟ್ಟರೆ 64 ಬಿಟ್ ಯಂತ್ರದಲ್ಲಿ ಅರ್ಧ ವಿಳಾಸ ಕತ್ತರಿಸಿಹೋಗುತ್ತದೆ.

ಎಲ್ಲ ಕಡೆಯೂ 64 ಬಿಟ್ ಬಳಸಿಬಿಟ್ಟರೆ ತಲೆನೋವಿಲ್ಲವಲ್ಲ ಎಂದು ಕೆಲವರಿಗೆ ಅನಿಸಬಹುದು. ಪಿಸಿಯ ಮಟ್ಟಿಗೆ ಒಪ್ಪಬಹುದು. ಉನೊದಲ್ಲಿ ಒಪ್ಪಲಾಗದು. ಒಂದು ಸಲಕ್ಕೆ 8 ಬಿಟ್‌ಗಳನ್ನು ಮಾತ್ರ ಕೂಡಬಲ್ಲ ಪ್ರೊಸೆಸರ್‌ಗೆ 64 ಬಿಟ್‌ನ ಗುಣಾಕಾರ ಕೊಟ್ಟರೆ ಅದು ಹತ್ತಾರು ಸೂಚನೆಗಳ ದೊಡ್ಡ ಕೆಲಸವಾಗುತ್ತದೆ. ಅಲ್ಲಿರುವ ರ‍್ಯಾಮ್ 2 ಕಿಲೊಬೈಟ್ ಮಾತ್ರ. ಹೀಗೆ ವೇಗ ಮುಖ್ಯವಾದಲ್ಲಿ ಇಂಟ್_ಫಾಸ್ಟ್16_ಟಿ ಎಂಬಂಥ ಟೈಪ್‌ಗಳಿವೆ: ಕನಿಷ್ಠ 16 ಬಿಟ್ ಇರಲಿ, ಉಳಿದದ್ದು ಪ್ರೊಸೆಸರ್‌ಗೆ ಸಲೀಸಾದಂತೆ ಎಂದು ಅರ್ಥ. 64 ಬಿಟ್ ಲಿನಕ್ಸ್ ಪಿಸಿಯಲ್ಲಿ ಅದು 64 ಬಿಟ್ ಆಗುವುದುಂಟು. ಲೂಪಿನ ಎಣಿಕೆಗೆ ಅದು ಚೆನ್ನ. ಕಡತಕ್ಕೆ ಬರೆಯುವ ದಾಖಲೆಗೆ ಬೇಡ. ಮೋಟಾರು ನಿಯಂತ್ರಣಕ್ಕೆ ಬಳಸುವ ಟಿಐ ಕಂಪನಿಯ ಸಿ28ಎಕ್ಸ್ ಪ್ರೊಸೆಸರ್‌ಗಳಲ್ಲಿ ಚಾರ್‌ಗೇ 16 ಬಿಟ್ ಇರುವುದರಿಂದ ಇಂಟ್8_ಟಿ ಎಂಬುದು ಸಾಧ್ಯವೇ ಇಲ್ಲ. ಆಗ ಪ್ರೋಗ್ರಾಂ ಕಂಪೈಲ್ ಆಗದೆ ನಿಲ್ಲುತ್ತದೆ. ಅದು ಒಳ್ಳೆಯದೇ. ತಪ್ಪು ಲೆಕ್ಕ ಕೊಟ್ಟು ಓಡುವುದಕ್ಕಿಂತ ಅಲ್ಲೇ ನಿಲ್ಲುವುದು ಲೇಸು.

ಸಂಖ್ಯೆ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟುವ ಜಾಗ ಎಲ್ಲಕ್ಕಿಂತ ಸೂಕ್ಷ್ಮ. ಶಕ್ತಿನಗರ, ಕುಡುತಿನಿ, ತೋರಣಗಲ್ಲಿನ ಸ್ಥಾವರಗಳಲ್ಲಿ ಕೆಲಸಕ್ಕೆ ಸೇರಬೇಕೆಂದಿರುವವರು ಕೈಗಾರಿಕಾ ಉಪಕರಣಗಳು ಪರಸ್ಪರ ಅಂಕಿ ಕಳಿಸುವ ನಿಯಮಾವಳಿಯಾದ ಮಾಡ್‌ಬಸ್ ಕಲಿಯದೆ ಇರಲಾಗದು. ಮಾಡ್‌ಬಸ್‌ನ ರಿಜಿಸ್ಟರ್, ಅಂದರೆ ಅಂಕಿ ಇಡುವ ಒಂದು ಜಾಗ, 16 ಬಿಟ್. ವಿದ್ಯುತ್ ಮೀಟರಿನ ಯೂನಿಟ್ ಎಣಿಕೆ 65,535ನ್ನು ಬೇಗ ದಾಟುವುದರಿಂದ ಅದನ್ನು ಎರಡು ರಿಜಿಸ್ಟರ್‌ಗಳಲ್ಲಿ ಇಡುತ್ತಾರೆ. ಮೀಟರಿನಲ್ಲಿ 70,000 ಯೂನಿಟ್ ಇದ್ದರೆ ಮೇಲಿನ ರಿಜಿಸ್ಟರ್‌ನಲ್ಲಿ 1, ಕೆಳಗಿನದರಲ್ಲಿ 4,464. ಆದರೆ ಯಾವುದು ಮೊದಲು ಬರುತ್ತದೆ ಎಂಬುದರಲ್ಲಿ ತಯಾರಕರಿಂದ ತಯಾರಕರಿಗೆ ವ್ಯತ್ಯಾಸವಿದೆ. ತಿರುವುಮುರುವಾಗಿ ಜೋಡಿಸಿದರೆ ಎಪ್ಪತ್ತು ಸಾವಿರ ಹೋಗಿ 29,25,52,705 ಬರುತ್ತದೆ. ಕ್ರಮ ಸರಿಯಾಗಿದ್ದರೂ ಜೋಡಿಸುವ ಸಾಲಿನಲ್ಲಿ ಎಡವಬಹುದು: ಮೇಲಿನ ರಿಜಿಸ್ಟರನ್ನು 16 ಸ್ಥಾನ ಎಡಕ್ಕೆ ಸರಿಸಬೇಕಲ್ಲ, ಇಂಟ್ 16 ಬಿಟ್ ಇರುವ ಉನೊದಲ್ಲಿ ಹಾಗೆ ಸರಿಸಲು ಜಾಗವೇ ಇಲ್ಲ; 32 ಬಿಟ್ ಬೋರ್ಡಿನಲ್ಲಿ ಮೇಲಿನ ರಿಜಿಸ್ಟರ್ 32,767 ದಾಟಿದಾಗ ಅದು ಚಿಹ್ನೆಯ ಬಿಟ್ ಮೇಲೆ ಹೋಗಿ ಕೂರುತ್ತದೆ. ಮೊದಲು ಯುಇಂಟ್32_ಟಿಗೆ ಏರಿಸಿ, ಆಮೇಲೆ ಸರಿಸಿ. ಎರಡೂ ಬೋರ್ಡಿನಲ್ಲಿ ಸರಿಯಾಗುತ್ತದೆ.

ಹಲವು ವೇರಿಯಬಲ್‌ಗಳನ್ನು ಒಟ್ಟಿಗೆ ಕಟ್ಟಿಡುವ ಸ್ಟ್ರಕ್ಟ್ ಅನ್ನು ಹಾಗೆಹಾಗೇ ಕಡತಕ್ಕೆ ಬರೆಯುವ ಅಭ್ಯಾಸವನ್ನೂ ದಯವಿಟ್ಟು ಬಿಡಿ. ಒಂದು ಇಂಟ್32_ಟಿ, ಅದರ ಹಿಂದೆ ಒಂದು ಇಂಟ್64_ಟಿ ಇರುವ ಸ್ಟ್ರಕ್ಟ್ 32 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ 12 ಬೈಟ್, 64 ಬಿಟ್‌ನಲ್ಲಿ 16 ಬೈಟ್. ನಡುವೆ ಕಂಪೈಲರ್ ನಾಲ್ಕು ಖಾಲಿ ಬೈಟ್ ಸೇರಿಸಿರುತ್ತದೆ. ಅಳತೆ ಹೆಸರಿನಲ್ಲೇ ಇರುವ ಟೈಪ್‌ಗಳನ್ನು ಬಳಸಿದರೂ ಇದು ತಪ್ಪುವುದಿಲ್ಲ. ಬೈಟ್ ಬೈಟ್ ಆಗಿ, ಕ್ರಮವನ್ನು ನೀವೇ ನಿಶ್ಚಯಿಸಿ ಬರೆಯಿರಿ.

ಇಂಥ ತಪ್ಪು ದೊಡ್ಡವರ ಕೈಯಲ್ಲೂ ಆಗಿದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ಸುಮಾರು 40 ಸೆಕೆಂಡಿನೊಳಗೆ ನಾಶವಾಯಿತು. ಅಡ್ಡ ವೇಗಕ್ಕೆ ಸಂಬಂಧಿಸಿದ 64 ಬಿಟ್‌ನ ಒಂದು ದಶಮಾಂಶ ಸಂಖ್ಯೆಯನ್ನು ಚಿಹ್ನೆಸಹಿತ 16 ಬಿಟ್ ಪೂರ್ಣಾಂಕಕ್ಕೆ ಇಳಿಸುವಾಗ ಅದು ಹಿಡಿಯಲಿಲ್ಲ. ಆ ಭಾಗ ಏರಿಯಾನ್ 4ರಿಂದ ಬಂದದ್ದು; ಹಳೆಯ ರಾಕೆಟ್ಟಿನ ಪಥದಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುತ್ತಲೇ ಇರಲಿಲ್ಲ. ಬೇಸಿಗೆಯ ಒಳಹರಿವಿನಲ್ಲಿ ಪರೀಕ್ಷಿಸಿದ ಪ್ರೋಗ್ರಾಂ ಎಂದೆನಲ್ಲ, ಅದೇ ಸಂಗತಿ ಇಲ್ಲಿಯೂ.

ನಿಮ್ಮ ಕೆಲಸದ ಅವಧಿಯಲ್ಲೇ ಬರಲಿರುವ ಇನ್ನೊಂದು ದಿನ 2038ರ ಜನವರಿ 19. 1970ರಿಂದ ಸೆಕೆಂಡುಗಳನ್ನು ಚಿಹ್ನೆಸಹಿತ 32 ಬಿಟ್‌ನಲ್ಲಿ ಎಣಿಸುವ ಗಡಿಯಾರಗಳು ಅಂದು ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬುತ್ತವೆ. 32 ಬಿಟ್ ಯಂತ್ರಗಳಲ್ಲೂ 64 ಬಿಟ್ ಸಮಯ ಬಳಸುವ ವ್ಯವಸ್ಥೆ ಲಿನಕ್ಸ್ ಕರ್ನೆಲ್‌ಗೆ 2020ರ 5.6 ಆವೃತ್ತಿಯ ಹೊತ್ತಿಗೆ ಬಂದಿದೆ. ಆದರೆ ಗೋಡೆಗೆ ಬಿಗಿದ ನಿಯಂತ್ರಕಗಳನ್ನು ಯಾರೂ ವರ್ಷಕ್ಕೊಮ್ಮೆ ಬದಲಿಸುವುದಿಲ್ಲ. ಇವತ್ತು ನೀವು ಬರೆಯುವ ದಾಖಲೆಯಲ್ಲಿ ಸಮಯಕ್ಕೆ ನಾಲ್ಕು ಬೈಟ್ ಇಡಬೇಡಿ, ಎಂಟು ಇಡಿ.

ಪರೀಕ್ಷಿಸುವ ಬಗ್ಗೆ ಎರಡು ಮಾತು. ನಿಮ್ಮ ಹತ್ತಿರ ಹತ್ತು ಬಗೆಯ ಯಂತ್ರಗಳಿರಬೇಕಿಲ್ಲ. ಜಿಸಿಸಿ ಎಂಬ ಕಂಪೈಲರ್‌ಗೆ ಎಂ32 ಎಂಬ ಆಯ್ಕೆ ಕೊಟ್ಟು ಅದೇ ಲ್ಯಾಪ್‌ಟಾಪಿನಲ್ಲಿ 32 ಬಿಟ್‌ಗೆ ಕಂಪೈಲ್ ಮಾಡಿ ನೋಡಬಹುದು; ಕ್ಯೂಎಂಯು ಎಂಬ ಉಚಿತ ತಂತ್ರಾಂಶದಿಂದ ಬೈಟ್ ಕ್ರಮ ತಿರುವಾಗಿರುವ ಪ್ರೊಸೆಸರ್‌ನಲ್ಲೂ ಓಡಿಸಬಹುದು. ಕನ್ವರ್ಷನ್ ಎಚ್ಚರಿಕೆಗಳನ್ನು ಚಾಲೂ ಮಾಡಿ, ಭಾಷೆ ನಿರೂಪಿಸದ ನಡವಳಿಕೆಯನ್ನು ಹಿಡಿಯುವ ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಜರ್ ಜೋಡಿಸಿದರೆ ಆ ಒಂದು ಲಕ್ಷ ಕ್ಯೂಸೆಕ್‌ನ ಗುಣಾಕಾರ ಯಾವ ಸಾಲಿನಲ್ಲಿ ತುಂಬಿ ಹರಿಯಿತೆಂದು ಅದೇ ತೋರಿಸುತ್ತದೆ. ಆದರೆ ಅದಕ್ಕೆ ನೀವು ಒಂದು ಲಕ್ಷವನ್ನು ಕೊಟ್ಟು ಓಡಿಸಿರಬೇಕು. ಪರೀಕ್ಷೆಯ ಅಂಕಿಗಳನ್ನು ಆರಿಸುವಾಗ ಇವತ್ತಿನ ಅಂಕಿಯನ್ನಲ್ಲ, ಆಗಬಹುದಾದ ಅತಿ ದೊಡ್ಡ ಅಂಕಿಯನ್ನು ತೆಗೆದುಕೊಳ್ಳಿ.

ಪೈಥಾನ್‌ನಲ್ಲಿ ಬರೆದರೆ ಇದಾವುದೂ ಬೇಡವಲ್ಲವೇ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಪೈಥಾನ್‌ನ ಸ್ವಂತ ಪೂರ್ಣಾಂಕಕ್ಕೆ ಮಿತಿಯಿಲ್ಲ ಎಂಬುದು ನಿಜ. ಆದರೆ ವರ್ಷಗಟ್ಟಲೆಯ ಒಳಹರಿವಿನ ದಾಖಲೆ ಸಂಸ್ಕರಿಸಲು ಕುಳಿತವರು ಸಂಖ್ಯೆಗಳ ದೊಡ್ಡ ಲೆಕ್ಕಕ್ಕಿರುವ ನಮ್‌ಪೈ ಎಂಬ ಲೈಬ್ರರಿ ಬಳಸುತ್ತಾರೆ, ಅದರ ಒಳಗಿರುವುದು ಸಿ. ನಮ್‌ಪೈ 2.0 ಬರುವವರೆಗೆ, ಅಂದರೆ 2024ರ ತನಕ, ವಿಂಡೋಸ್‌ನಲ್ಲಿ ಅದರ ಪೂರ್ವನಿಯೋಜಿತ ಪೂರ್ಣಾಂಕ 32 ಬಿಟ್‌ನದಾಗಿತ್ತು, ಏಕೆಂದರೆ ಅದು ಸಿ ಭಾಷೆಯ ಲಾಂಗ್ ಅನ್ನು ಅನುಸರಿಸುತ್ತಿತ್ತು, ಲಿನಕ್ಸ್‌ನಲ್ಲಿ 64. ಹಳೆಯ ಆವೃತ್ತಿ ಇರುವ ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಈಗಲೂ ನಮ್ಮ 5,00,65,408 ಕಾಣಸಿಗಬಹುದು. ಅರೇ ರಚಿಸುವಾಗಲೇ ಡಿಟೈಪ್ ಎಂಬಲ್ಲಿ ಇಂಟ್64 ಎಂದು ಬರೆಯಿರಿ. ಲೆಕ್ಕ ಮುಗಿದ ಮೇಲೆ ಅದನ್ನು ಡೇಟಾಬೇಸಿಗೆ ಹಾಕುವಾಗಲೂ ನೋಡಿಕೊಳ್ಳಿ: ಮೈಎಸ್‌ಕ್ಯೂಎಲ್‌ನಲ್ಲಾಗಲಿ ಪೋಸ್ಟ್‌ಗ್ರೆಸ್‌ನಲ್ಲಾಗಲಿ ಇಂಟಿಜರ್ ಕಾಲಂಗೆ ನಾಲ್ಕೇ ಬೈಟ್, ದಿನದ ನೀರಿನ ಮೊತ್ತಕ್ಕೆ ಬೇಕಾದದ್ದು ಎಂಟು ಬೈಟ್‌ನ ಬಿಗ್‌ಇಂಟ್.